ಅತ್ತೆಗೂ ಒಂದು ವೀಕೆಂಡ್: ಹದಿನೆಂಟನೇ ಮಹಡಿಯಲ್ಲಿ ಇಪ್ಪತ್ತೊಂದು ಗಂಟೆ

ಬೆಂಗಳೂರಿನಲ್ಲೇ ಮನೆ ಇಟ್ಟುಕೊಂಡು ಬೆಂಗಳೂರಿನಲ್ಲೇ ಹೋಟೆಲ್ ರೂಮ್ ಮಾಡೋದು ಅಂದ್ರೆ ನಮ್ಮ ಮನೆಗಳ ಹಿರಿಯರಿಗೆ ಇಂದಿಗೂ ತಲೆಗೆ ಹತ್ತದ ಲೆಕ್ಕ. ಮದುವೆಗೆ ಬಂದ ನೆಂಟರು, ಆಸ್ಪತ್ರೆಗೆ ಬಂದ ಊರಿನವರು, ಕಂಪನಿ ಕೆಲಸಕ್ಕೆ ಬಂದವರು ರೂಮ್ ಮಾಡ್ತಾರೆ, ಸರಿ. ಸ್ವಂತ ಮನೆ, ಸ್ವಂತ ಮಂಚ ಇರೋರಿಗೆ ಯಾಕೆ?

ಆದರೆ ನಮ್ಮ ವಯಸ್ಸಿನವರ ವಾಟ್ಸಾಪ್ ಗ್ರೂಪುಗಳಲ್ಲಿ ಈಗ ಇದೇ ಮಾತು. ‘ಸ್ಟೇಕೇಶನ್’ ಅನ್ನೋ ಪದ ಅಮೆರಿಕದಲ್ಲಿ 2008ರ ಸುಮಾರಿಗೆ ಹೆಚ್ಚು ಓಡಾಡತೊಡಗಿತು. ಪೆಟ್ರೋಲ್ ಬೆಲೆ ಏರಿ, ಆರ್ಥಿಕ ಹಿಂಜರಿತ ಬಂದು, ದೂರ ಹೋಗಲಾಗದೆ ಇದ್ದ ಊರಲ್ಲೇ ರಜೆ ಕಳೆದವರ ಪದ ಅದು. ನಮ್ಮಲ್ಲಿ ಕೊರೋನಾ ಕಾಲದಲ್ಲಿ ಜನರ ಬಾಯಿಗೆ ಬಂತು. ಈಗ ಅದನ್ನು ಉಳಿಸಿರೋದು ಶುಕ್ರವಾರ ಸಂಜೆಯ ಟ್ರಾಫಿಕ್. ಸಕಲೇಶಪುರ ಸುಮಾರು 220 ಕಿಲೋಮೀಟರ್. ಆದರೆ ಮೊದಲ 20 ಕಿಲೋಮೀಟರ್ ದಾಟೋದರಲ್ಲೇ ಅರ್ಧ ಉತ್ಸಾಹ ಖಾಲಿ. ಭಾನುವಾರ ರಾತ್ರಿ ನೆಲಮಂಗಲದ ಹತ್ತಿರ ಉಳಿದರ್ಧವೂ ಖಾಲಿ. ಸೋಮವಾರ ಬೆಳಗ್ಗೆ ಹತ್ತಕ್ಕೆ ಸ್ಟ್ಯಾಂಡ್-ಅಪ್ ಮೀಟಿಂಗ್.

ಹಾಗಾಗಿ ಎತ್ತರದ ಕಟ್ಟಡ, ಈಜುಕೊಳ, ಬಿಳಿ ಹಾಸಿಗೆ, ಒಂದು ರಾತ್ರಿ. ಇದರ ಬಗ್ಗೆ ರೀಲ್‌ಗಳು ಸಾಕಷ್ಟಿವೆ. ಬಾತ್‌ಟಬ್ಬಿನ ಅಂಚಿನಲ್ಲಿ ಕಾಫಿ ಕಪ್ಪು, ಕಿಟಕಿಯಾಚೆ ಸೂರ್ಯಾಸ್ತ. ನಾನು ಹೇಳಹೊರಟಿರೋದು ಬೇರೆ. ಮೊನ್ನೆ ಇಂಥದ್ದೊಂದು ಹೋಟೆಲಿಗೆ ನಾನು ಹೋದದ್ದು ಗಂಡನ ಜೊತೆಗಲ್ಲ, ಅತ್ತೆಯ ಜೊತೆ. ಹೋಟೆಲಿನ ಹೆಸರು ಬೇಡ, ಇದು ಜಾಹೀರಾತಲ್ಲ.

ಮನೆಯ ಆನ್-ಕಾಲ್ ಯಾರು?

ಸಾಫ್ಟ್‌ವೇರ್‌ನಲ್ಲಿ ಇರೋರಿಗೆ ‘ಆನ್-ಕಾಲ್’ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಬೇರೆಯವರಿಗೆ ಎರಡು ಮಾತು. ನಾವು ನಡೆಸೋ ಸಿಸ್ಟಮ್ ಮಧ್ಯರಾತ್ರಿ ಕೈಕೊಟ್ಟರೆ ಯಾರ ಫೋನ್ ಹೊಡೆದುಕೊಳ್ಳಬೇಕು ಅಂತ ವಾರಕ್ಕೊಬ್ಬರ ಸರದಿ ಇರುತ್ತೆ. ನನ್ನ ವಾರ ಮುಗಿದ ಮೇಲೆ ಜವಾಬ್ದಾರಿ ಇನ್ನೊಬ್ಬರಿಗೆ. ಅವರಿಗೆ ಆಗದಿದ್ದರೆ ಬೆನ್ನಿಗೆ ಮತ್ತೊಬ್ಬರು. ಸರದಿ ಇಲ್ಲದೆ ಒಬ್ಬರೇ ವರ್ಷಗಟ್ಟಲೆ ಆನ್-ಕಾಲ್ ಇದ್ದರೆ ಆ ಟೀಮಿನಲ್ಲಿ ಒಬ್ಬರೂ ಉಳಿಯಲ್ಲ.

ನಮ್ಮ ಮನೆಯಲ್ಲಿ ಮೂವತ್ತೇಳು ವರ್ಷದಿಂದ ಒಬ್ಬರೇ ಆನ್-ಕಾಲ್. ನಮ್ಮತ್ತೆ.

ಹಾಲು ಬಂತಾ, ಮೊಸರಿಗೆ ಹೆಪ್ಪು ಹಾಕಿದ್ದಾ, ದೋಸೆಗೆ ನೆನೆಸಿದ್ದಾ, ಇವತ್ತು ಕಾವೇರಿ ನೀರು ಬರೋ ದಿನವಾ, ಸಂಪ್ ತುಂಬಿತಾ, ಮಾವನ ಬಿ.ಪಿ. ಮಾತ್ರೆ ಎಷ್ಟು ಉಳಿದಿದೆ, ಸಿಲಿಂಡರ್ ಯಾವಾಗ ಮುಗಿಯುತ್ತೆ. ಈ ಅಲರ್ಟುಗಳೆಲ್ಲ ಹೊಡೆದುಕೊಳ್ಳೋದು ಒಂದೇ ತಲೆಯಲ್ಲಿ. ನಾವು ಕೈಗೂಡಿಸಲ್ಲ ಅಂತಲ್ಲ. ನಾನು ತರಕಾರಿ ಹೆಚ್ತೀನಿ, ನನ್ನ ಗಂಡ ಪಾತ್ರೆ ತೊಳೀತಾನೆ, ಮಾವ ಮಾರ್ಕೆಟ್ಟಿಗೆ ಹೋಗಿಬರ್ತಾರೆ. ಆದರೆ ಯಾವ ತರಕಾರಿ, ಎಷ್ಟು, ಯಾವತ್ತಿಗೆ ಅನ್ನೋದು ಅತ್ತೆಯ ಪಾಲು. ರಾತ್ರಿ ಊಟ ಮುಗಿದ ತಕ್ಷಣ “ನಾಳೆ ತಿಂಡಿಗೆ ಏನು?” ಅಂತ ಕೇಳೋದು ಅವರೇ, ಉತ್ತರ ಹೇಳಿಕೊಳ್ಳೋದೂ ಅವರೇ.

ಮಾವ ನಿವೃತ್ತಿಯಾಗಿ ಐದು ವರ್ಷವಾಯಿತು. ಬೀಳ್ಕೊಡುಗೆ, ಹಾರ, ಶಾಲು, ಫೋಟೋ ಎಲ್ಲ ಆಯ್ತು. ಅತ್ತೆಗೆ ಅಂಥದ್ದೊಂದು ದಿನಾಂಕವೇ ಇಲ್ಲ. ಪ್ರವಾಸ ಹೋದರೂ ಅಷ್ಟೇ. ಹೋದ ವರ್ಷ ನಾಲ್ಕೂ ಜನ ಚಿಕ್ಕಮಗಳೂರಿಗೆ ಹೋಗಿದ್ದೆವು. ಹಿಂದಿನ ರಾತ್ರಿ ಹನ್ನೊಂದರವರೆಗೆ ದಾರಿಗೆ ಚಪಾತಿ, ಪುಳಿಯೋಗರೆ ಗೊಜ್ಜು ಕಟ್ಟಿದವರು ಅವರು. ಬಂದ ಮೇಲೆ ಎರಡು ದಿನದ ಬಟ್ಟೆ ರಾಶಿ ಎದುರು ನಿಂತವರೂ ಅವರೇ. ಆ ಪ್ರವಾಸದಲ್ಲಿ ರಜೆ ಸಿಕ್ಕಿದ್ದು ಮೂರು ಜನಕ್ಕೆ.

ಈ ಸಲ ಕ್ರೆಡಿಟ್ ಕಾರ್ಡಿನ ರಿಯಾಯಿತಿ ಕಣ್ಣಿಗೆ ಬಿದ್ದಾಗ ನನ್ನ ಗಂಡನೇ ಅಂದ: “ನೀನು, ಅಮ್ಮ ಹೋಗಿಬನ್ನಿ. ಮನೆ ನಾವು ನೋಡ್ಕೋತೀವಿ.” ಅತ್ತೆಯ ಮೊದಲ ಮಾತು ಊಹಿಸಿದ್ದೇ: “ಅಯ್ಯೋ, ಅಷ್ಟು ದುಡ್ಡು ಸುರಿದು ಇದೇ ಊರಲ್ಲಿ ಮಲ್ಕೊಂಡು ಬರೋದಾ? ನಿಂಗೇನು ತಲೆ ಕೆಟ್ಟಿದ್ಯಾ?” ಎರಡನೆಯದು ನಿಜವಾದ ಪ್ರಶ್ನೆ: “ನಿಮ್ಮ ಮಾವನಿಗೆ ರಾತ್ರಿ ಊಟಕ್ಕೆ?”

ಬನಶಂಕರಿಯಿಂದ ಕಬ್ಬನ್ ಪಾರ್ಕಿಗೆ

ಶನಿವಾರ ಮಧ್ಯಾಹ್ನ ಒಂದೊಂದು ಬ್ಯಾಗ್ ಹೆಗಲಿಗೆ ಹಾಕಿಕೊಂಡು ಮೆಟ್ರೋ ಹತ್ತಿದೆವು. ಬನಶಂಕರಿಯಿಂದ ಹಸಿರು ಮಾರ್ಗ, ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ ಮಾರ್ಗ, ಕಬ್ಬನ್ ಪಾರ್ಕ್ ನಿಲ್ದಾಣ. ಅಲ್ಲಿಂದ ಆಟೊ. ಊರೊಳಗಿನ ಹೋಟೆಲಿನ ದೊಡ್ಡ ಅನುಕೂಲ ಇದೇ. ಮನೆಯಿಂದ ಹೊರಟ ಒಂದು ಗಂಟೆಯೊಳಗೆ ರಜೆ ಶುರು.

ಮೂರು ಗಂಟೆಗೆ ಚೆಕ್-ಇನ್. ಲಿಫ್ಟಿಗೆ ರೂಮಿನ ಕಾರ್ಡ್ ತೋರಿಸಿದರೆ ಮಾತ್ರ ನಮ್ಮ ಮಹಡಿಯ ಗುಂಡಿ ಕೆಲಸ ಮಾಡುತ್ತೆ. ಲಿಫ್ಟ್ ಏರೋ ವೇಗಕ್ಕೆ ಕಿವಿ ಕಟ್ಟಿತು. “ವಿಮಾನದಲ್ಲಿ ಹೀಗೇ ಆಗುತ್ತಂತಲ್ಲ” ಅಂದರು ಅತ್ತೆ. ಅವರು ವಿಮಾನ ಹತ್ತಿಲ್ಲ.

ಹದಿನೆಂಟನೇ ಮಹಡಿ. ಪರದೆ ಸರಿಸಿದ ಕೂಡಲೇ ಕಬ್ಬನ್ ಪಾರ್ಕು ಕೆಳಗೆ ಹಸಿರು ಕಂಬಳಿ ಹಾಸಿದ ಹಾಗೆ. 1870ರಲ್ಲಿ ಶುರುವಾದ ಉದ್ಯಾನ ಅದು. ಕೆಳಗೆ ನಡೆಯುವಾಗ ಅದೊಂದು ಪಾರ್ಕು ಅಷ್ಟೇ. ಮೇಲಿನಿಂದ ನೋಡಿದರೆ ಇಷ್ಟು ಕಾಂಕ್ರೀಟಿನ ನಡುವೆ ಅದು ಹೇಗೆ ಉಳಿದುಕೊಂಡಿತು ಅನ್ನೋದೇ ಆಶ್ಚರ್ಯ. ಮರಗಳ ಆಚೆ ಕೆಂಪಗೆ ಹೈಕೋರ್ಟು, ಅಂದರೆ ಹಳೆಯ ಅಠಾರ ಕಚೇರಿ. ಆಗಿನ ಸರ್ಕಾರದ ಹದಿನೆಂಟು ಇಲಾಖೆಗಳು ಅಲ್ಲಿದ್ದವು ಅಂತ ಆ ಹೆಸರು. ಅದರ ಹಿಂದೆ 1956ರಲ್ಲಿ ಪೂರ್ತಿಯಾದ ವಿಧಾನಸೌಧದ ಗುಮ್ಮಟ.

ಅತ್ತೆ ಬೆರಳು ಮಡಚಿ ಒಂದೊಂದೇ ಗುರುತು ಹಿಡಿದರು. ಮಗ ಚಿಕ್ಕವನಿದ್ದಾಗ ಪುಟಾಣಿ ರೈಲು ಹತ್ತಿಸಿದ ಬಾಲಭವನ ಎಲ್ಲಿರಬಹುದು, ಕ್ರಿಕೆಟ್ ಸ್ಟೇಡಿಯಂ ಯಾವ ಕಡೆ. 1988ರಲ್ಲಿ ತಿಪಟೂರಿನಿಂದ ಮದುವೆಯಾಗಿ ಬಂದಾಗ ಅವರಿಗೆ ತೋರಿಸಿದ ಮೊದಲ ವಿಸ್ಮಯ ಎಂ.ಜಿ. ರಸ್ತೆಯ ಯುಟಿಲಿಟಿ ಬಿಲ್ಡಿಂಗ್ ಅಂತೆ. ಇಪ್ಪತ್ತೈದು ಮಹಡಿ. “ಊರಿಂದ ಯಾರೇ ಬಂದ್ರೂ ಅಲ್ಲಿಗೆ ಕರ್ಕೊಂಡು ಹೋಗಿ, ಕೆಳಗೆ ನಿಂತು ಮಹಡಿ ಎಣಿಸೋದು. ಮೇಲಿಂದ ನೋಡಿದ್ದು ಇದೇ ಮೊದಲು ಕಣೇ.”

ಆಮೇಲೆ ಅವರು ಮಾಡಿದ ಕೆಲಸ ಕೇಳಿ. ರೂಮಿನಲ್ಲಿ ಕಾಫಿ ಕುಡಿದ ಕಪ್ಪುಗಳನ್ನು ಬಚ್ಚಲಿಗೆ ಒಯ್ದು ತೊಳೆದು ಬೋರಲು ಹಾಕಿದರು. ಹತ್ತು ನಿಮಿಷ ಒರಗಿ ಎದ್ದ ಹಾಸಿಗೆಯ ಸುಕ್ಕು ಬಿಡಿಸಿದರು. “ಅತ್ತೆ, ಅದಕ್ಕೆ ಜನ ಇದ್ದಾರೆ, ಬಿಡಿ” ಅಂದೆ. “ಕೈ ಸುಮ್ನಿರಲ್ಲ ಕಣಮ್ಮ” ಅಂದರು.

ಮನೆಯಿಂದ ಮೊದಲ ಫೋನ್ ಬಂದದ್ದು ಆರೂವರೆಗೆ. “ಅಮ್ಮ, ಹುಣಸೇಹಣ್ಣು ಎಲ್ಲಿದೆ?” ಎರಡನೆಯದು ಏಳಕ್ಕೆ: “ಸಾರಿಗೆ ಬೇಳೆ ಎಷ್ಟು ಹಾಕ್ಲಿ?” ಮೂರನೆಯದಕ್ಕೆ ಮಾವನೇ ಬಂದರು: “ಕುಕ್ಕರ್ ಗ್ಯಾಸ್ಕೆಟ್ ಎಲ್ಲಿಟ್ಟಿದ್ದೀಯ?” ಅತ್ತೆ ಹದಿನೆಂಟನೇ ಮಹಡಿಯಲ್ಲಿ ಕೂತು ಅಡುಗೆಮನೆಯ ಪ್ರತಿ ಡಬ್ಬಿಯನ್ನೂ ಕಣ್ಣುಮುಚ್ಚಿ ತೋರಿಸುತ್ತಿದ್ದರು. ನಾಲ್ಕನೇ ಸಲ ಫೋನ್ ಹೊಡೆದುಕೊಂಡಾಗ ನಾನೇ ಎತ್ತಿದೆ. “ಇವತ್ತಿನ ಆನ್-ಕಾಲ್ ನೀನು. ಹುಡುಕು, ಸಿಗುತ್ತೆ. ಸಿಗದಿದ್ರೆ ಅನ್ನ-ಮೊಸರು” ಅಂದೆ. ಆಮೇಲೆ ಫೋನ್ ಬರಲಿಲ್ಲ. ಅವತ್ತು ರಾತ್ರಿ ಅವರಿಬ್ಬರೂ ಚಿತ್ರಾನ್ನ ಮಾಡಿಕೊಂಡರಂತೆ, ಚೆನ್ನಾಗಿಯೇ ಬಂದಿತ್ತಂತೆ.

ಬೆಳಗ್ಗೆ ಐದಕ್ಕೆ ಅತ್ತೆ ಅಭ್ಯಾಸಬಲದಿಂದ ಎದ್ದು ಕೂತರು. “ಹಾಲು...” ಅಂದವರು ಅರ್ಧಕ್ಕೇ ನಿಲ್ಲಿಸಿದರು. ಸ್ವಲ್ಪ ಹೊತ್ತು ಕಿಟಕಿ ಹತ್ತಿರ ಕೂತು ದೀಪಗಳನ್ನು ನೋಡಿದರು. ಮತ್ತೆ ಬಂದು ಮಲಗಿದರು. ಮತ್ತೆ ಎದ್ದದ್ದು ಎಂಟೂಕಾಲಿಗೆ. ಜ್ವರ ಬಾರದೆ ಅವರು ಎಂಟರವರೆಗೆ ಮಲಗಿದ್ದನ್ನು ನಾನಂತೂ ನೋಡಿದ್ದು ಇದೇ ಮೊದಲು.

ದುಡ್ಡಿನ ಲೆಕ್ಕ

ಈಗ ಅತ್ತೆಯ ಮೊದಲ ಪ್ರಶ್ನೆಗೆ ಬರೋಣ: ಅಷ್ಟು ದುಡ್ಡು ಕೊಡಬಹುದಾ?

ನಮ್ಮ ರೂಮಿಗೆ ಬೆಳಗಿನ ತಿಂಡಿ ಸೇರಿ 11,000 ರೂ. ಶೇ. 18 ಜಿಎಸ್‌ಟಿ 1,980 ರೂ. ಒಟ್ಟು 12,980. ಚೆಕ್-ಇನ್ ಮೂರಕ್ಕೆ, ಚೆಕ್-ಔಟ್ ಮರುದಿನ ಹನ್ನೆರಡಕ್ಕೆ, ಅಂದರೆ ಇಪ್ಪತ್ತೊಂದು ಗಂಟೆ. ಗಂಟೆಗೆ ಸುಮಾರು 618 ರೂ. ರಾತ್ರಿ ಊಟಕ್ಕೆ ಹೊರಗೆ ನಡೆದು ಹೋಗಿ ದರ್ಶಿನಿಯಲ್ಲಿ ತಿಂದೆವು. ಓಡಾಟ, ಭಕ್ಷೀಸು ಎಲ್ಲ ಸೇರಿ ಹದಿನಾಲ್ಕು ಸಾವಿರದೊಳಗೆ ಮುಗಿಯಿತು. ನಾಲ್ಕು ಜನರ ಚಿಕ್ಕಮಗಳೂರು ಪ್ರವಾಸಕ್ಕೆ ಇದರ ಎರಡು ಪಟ್ಟು ಆಗಿತ್ತು. ಆದರೂ ಇದು ಸಣ್ಣ ಮೊತ್ತವಲ್ಲ. ತಿಂಗಳಿಗೊಂದು ಸಲ ಅಂತೂ ಸಾಧ್ಯವಿಲ್ಲ. ವರ್ಷಕ್ಕೊಂದು ಸಲ, ಬೋನಸ್ ಬಂದಾಗ ಅಂತ ಇಟ್ಟುಕೊಂಡಿದ್ದೇವೆ.

ತೆರಿಗೆಯ ಒಂದು ಗಂಟು ತಿಳಿದಿರಲಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ.ವರೆಗಿನ ರೂಮಿಗೆ ಜಿಎಸ್‌ಟಿ ಶೇ. 5. ಮೊದಲು ಅದು ಶೇ. 12 ಇತ್ತು. 7,500 ದಾಟಿದರೆ ಶೇ. 18. ಹೀಗಾಗಿ 7,400 ರೂ. ರೂಮಿನ ಬಿಲ್ 7,770 ಆದರೆ, 7,600 ರೂ. ರೂಮಿನ ಬಿಲ್ 8,968. ಬಾಡಿಗೆ ಇನ್ನೂರು ಹೆಚ್ಚಾದರೆ ಕೈಯಿಂದ ಹೋಗೋದು 1,198. ಆ್ಯಪ್‌ಗಳು ದೊಡ್ಡಕ್ಷರದಲ್ಲಿ ತೋರಿಸೋದು ಬಹುತೇಕ ತೆರಿಗೆ ಸೇರದ ಬೆಲೆ. ಎರಡು ಹೋಟೆಲ್ ಹೋಲಿಸುವಾಗ ಕೊನೆಯ ಪುಟದ ಮೊತ್ತವನ್ನೇ ಹೋಲಿಸಿ.

ಊಟದ ವಿಷಯದಲ್ಲೂ ಹೀಗೇ. ಈ ದುಬಾರಿ ವರ್ಗದ ಹೋಟೆಲಿನೊಳಗಿನ ರೆಸ್ಟೋರೆಂಟಿನಲ್ಲಿ ಜಿಎಸ್‌ಟಿ ಶೇ. 18, ಹೊರಗಿನ ಮಾಮೂಲಿ ರೆಸ್ಟೋರೆಂಟಿನಲ್ಲಿ ಶೇ. 5. ತಿಂಡಿ ಸೇರಿದ ಪ್ಯಾಕೇಜ್ ತೆಗೆದುಕೊಂಡು ಊಟ ಹೊರಗೆ ಮಾಡಿದರೆ ಉಳಿತಾಯ. ಬಿಲ್ಲಿನಲ್ಲಿ ‘ಸರ್ವಿಸ್ ಚಾರ್ಜ್’ ಅಂತ ಸೇರಿಸಿದ್ದರೆ ಅದು ತೆರಿಗೆಯಲ್ಲ, ಕಡ್ಡಾಯವೂ ಅಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೊರಡಿಸಿದ ಈ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ. ತೆಗೆಯಿರಿ ಅಂತ ಕೇಳಬಹುದು. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಬುಕ್ ಮಾಡೋ ಮುಂಚೆ

ಬೆಂಗಳೂರಿನ ದೊಡ್ಡ ಹೋಟೆಲುಗಳು ಬಹುಮಟ್ಟಿಗೆ ಕಂಪನಿ ಕೆಲಸದ ಮೇಲೆ ಬರೋರನ್ನು ನಂಬಿಕೊಂಡಿವೆ. ಸೋಮವಾರದಿಂದ ಗುರುವಾರ ತುಂಬಿರುತ್ತವೆ, ವಾರಾಂತ್ಯಕ್ಕೆ ಖಾಲಿಯಾಗುತ್ತವೆ. ಅದಕ್ಕೇ ಕೊಡಗು, ಗೋವಾಗಳಲ್ಲಿ ಬೆಲೆ ಏರೋ ಶನಿವಾರದಂದೇ ಇಲ್ಲಿ ರಿಯಾಯಿತಿ ಸಿಗೋದು. ಭಾನುವಾರ ರಾತ್ರಿ ಎಷ್ಟೋ ಸಲ ಇನ್ನೂ ಅಗ್ಗ. ಸೋಮವಾರ ಒಂದು ರಜೆ ಹಾಕೋಕಾದರೆ ನೋಡಿ.

ದಿನ ಆರಿಸುವಾಗ ಕ್ಯಾಲೆಂಡರ್ ತೆಗೆಯಿರಿ. ಚಿನ್ನಸ್ವಾಮಿಯಲ್ಲಿ ಪಂದ್ಯ ಇದ್ದರೆ, ಬೆಸ ವರ್ಷದ ಫೆಬ್ರುವರಿಯಲ್ಲಿ ಯಲಹಂಕದಲ್ಲಿ ಏರೋ ಇಂಡಿಯಾ ಇದ್ದರೆ ರೂಮಿನ ಬೆಲೆ ಜಿಗಿಯುತ್ತೆ. ಒಳ್ಳೆ ಮುಹೂರ್ತ ಇರೋ ದಿನ ಹೋಟೆಲಿನ ಹಾಲ್‌ನಲ್ಲಿ ಆರತಕ್ಷತೆ ಇರಬಹುದು. ಹಾಗಿದ್ದರೆ ಲಿಫ್ಟಿಗೆ ಕ್ಯೂ, ಈಜುಕೊಳದ ಪಕ್ಕದಲ್ಲಿ ಡಿಜೆ. “ಅವತ್ತು ಏನಾದ್ರೂ ಫಂಕ್ಷನ್ ಇದೆಯಾ?” ಅಂತ ಫೋನ್ ಮಾಡಿ ಕೇಳಿದರೆ ಹೇಳ್ತಾರೆ.

ಫೋನ್ ಮಾಡಿದಾಗಲೇ ಇನ್ನೂ ಮೂರು ಕೇಳಿ. ಒಂದು, ಊರಿನ ವಿಳಾಸ ಇರೋ ಗುರುತಿನ ಚೀಟಿ ಒಪ್ತೀರಾ? ಸ್ಥಳೀಯರಿಗೆ ರೂಮ್ ಕೊಡದ ಹೋಟೆಲುಗಳೂ ಇವೆ. ಆಧಾರ್ ಕೊಡೋದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣೋ ಮಾಸ್ಕ್ಡ್ ಆಧಾರ್ ಇಳಿಸಿಕೊಂಡು ಒಯ್ಯಿರಿ. ಎರಡು, ಮುಂಗಡ ಠೇವಣಿ ಎಷ್ಟು? ಕಾರ್ಡಿನಲ್ಲಿ ತಡೆಹಿಡಿದ ಮೊತ್ತ ಬಿಡುಗಡೆಯಾಗೋಕೆ ಕೆಲವು ದಿನ ಹಿಡಿಯಬಹುದು. ಮೂರು, ಎತ್ತರದ ಮಹಡಿ, ಪಾರ್ಕಿನ ಕಡೆಯ ಕಿಟಕಿ ಸಿಗುತ್ತಾ? ಕೇಳಿದವರಿಗೆ ಕೊಡೋದುಂಟು. ಕೇಳದಿದ್ದರೆ ಪಕ್ಕದ ಕಟ್ಟಡದ ಎ.ಸಿ. ಯಂತ್ರಗಳನ್ನು ನೋಡುತ್ತಾ ಕೂರಬೇಕಾದೀತು.

ಎತ್ತರದ ಕಟ್ಟಡಗಳಲ್ಲಿ ಕಿಟಕಿ ಸಾಮಾನ್ಯವಾಗಿ ತೆರೆಯೋಕೆ ಬರಲ್ಲ. ತಲೆ ಸುತ್ತೋರಿಗೆ, ಮುಚ್ಚಿದ ಜಾಗದಲ್ಲಿ ಉಸಿರು ಕಟ್ಟೋರಿಗೆ ಇದು ಹಿತವಲ್ಲ. ಅಂಥವರಿಗೆ ತೋಟದ ನಡುವಿನ ತಗ್ಗು ಕಟ್ಟಡಗಳೇ ವಾಸಿ. ರೇಸ್ ಕೋರ್ಸ್ ರಸ್ತೆಯ ವೆಸ್ಟ್ ಎಂಡ್ ಅಂಥದ್ದು. 1887ರಲ್ಲಿ ಹತ್ತು ರೂಮಿನ ವಸತಿಗೃಹವಾಗಿ ಶುರುವಾದದ್ದು, ಇಂದಿಗೂ ಮರಗಳ ನಡುವೆಯೇ ಇದೆ. ಬಾಡಿಗೆ ಮಾತ್ರ ಎತ್ತರದ್ದೇ! ಇನ್ನು, ಯಾವ ಮಹಡಿಗೇ ಹೋದರೂ ರೂಮಿನ ಬಾಗಿಲ ಹಿಂದಿರೋ ನಕ್ಷೆ ನೋಡಿ, ಮೆಟ್ಟಿಲು ಎಲ್ಲಿದೆ ಅಂತ ಒಮ್ಮೆ ನಡೆದು ನೋಡಿಕೊಳ್ಳಿ. ಬೆಂಕಿ ಬಿದ್ದರೆ ಲಿಫ್ಟ್ ಹತ್ತುವಂತಿಲ್ಲ.

ಕಬ್ಬನ್ ಪಾರ್ಕಿನ ಹತ್ತಿರ ಉಳಿದರೆ ಭಾನುವಾರ ಬೆಳಗ್ಗೆ ಹೊರಬನ್ನಿ. ಅವತ್ತು ಪಾರ್ಕಿನೊಳಗೆ ವಾಹನ ಬಿಡೋದಿಲ್ಲ. ರಸ್ತೆ ಮಧ್ಯದಲ್ಲೇ ನಡೆಯಬಹುದು. ಅಲ್ಲಿಂದ ವಿಶ್ವೇಶ್ವರಯ್ಯ ಮ್ಯೂಸಿಯಂ, ವೆಂಕಟಪ್ಪ ಕಲಾ ಗ್ಯಾಲರಿ ಎಲ್ಲ ಕಾಲ್ನಡಿಗೆಯ ದೂರ. ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳೂ ಹತ್ತಿರ.

ಆ ವಿಶ್ರಾಂತಿಯ ಹಿಂದಿನ ಕೈಗಳು

ತಿಂಡಿ ಮುಗಿಸಿ ಬಂದಾಗ ಹೌಸ್‌ಕೀಪಿಂಗ್ ಹುಡುಗಿ ರೂಮಿಗೆ ಬಂದಳು. (ತಿಂಡಿಯ ಬಗ್ಗೆ ಒಂದು ಮಾತು: ದೋಸೆ ಹುಯ್ಯುತ್ತಿದ್ದ ಹುಡುಗನಿಗೆ ಅತ್ತೆ “ಹಿಟ್ಟು ಇನ್ನೊಂಚೂರು ಹುಳಿ ಬರ್ಬೇಕಿತ್ತಪ್ಪ” ಅಂದು, ಅವನಿಂದ “ಹೌದಮ್ಮ, ಎ.ಸಿ.ಯಲ್ಲಿ ಹುದುಗಲ್ಲ” ಅಂತ ಒಪ್ಪಿಸಿಕೊಂಡೇ ಬಂದರು.) ನಾನೊಬ್ಬಳೇ ಇದ್ದಿದ್ದರೆ ಮೊಬೈಲ್ ನೋಡುತ್ತಾ ಆ ಹುಡುಗಿಗೆ ದಾರಿ ಬಿಡುತ್ತಿದ್ದೆನೇನೋ. ಅತ್ತೆ ಕೇಳಿದರು: “ಯಾವೂರಮ್ಮ ನಿಂದು? ತಿಂಡಿ ಆಯ್ತಾ?” ಚಿಂತಾಮಣಿ ಕಡೆಯವಳು. ಬೆಳಗ್ಗೆ ಆರೂವರೆಗೆ ಪಿ.ಜಿ. ಬಿಟ್ಟವಳು. ತಿಂಡಿ ಆಗಿರಲಿಲ್ಲ. ಮೊದಲ ಸುತ್ತಿನ ರೂಮುಗಳು ಮುಗಿದ ಮೇಲೆ ಅಂದಳು. ಅಷ್ಟಗಲದ ಹಾಸಿಗೆಯ ಭಾರವಾದ ಮೂಲೆ ಎತ್ತಿ ಚಾದರ ಸಿಗಿಸೋದು ಒಬ್ಬಳ ಕೈಯಲ್ಲಿ ಸುಲಭವಲ್ಲ. ಅತ್ತೆ ಇನ್ನೊಂದು ತುದಿ ಹಿಡಿದರು. ಅವಳು “ಬೇಡಮ್ಮ, ಸೂಪರ್‌ವೈಸರ್ ನೋಡಿದ್ರೆ ಬೈತಾರೆ” ಅಂದಳು.

ಹೋಟೆಲ್ ನಮ್ಮ ಮನೆಗೆಲಸವನ್ನು ಮಾಯ ಮಾಡಲ್ಲ, ಇನ್ನೊಬ್ಬರ ಕೈಗೆ ದಾಟಿಸುತ್ತೆ. ಅವರ ಶಿಫ್ಟಿಗೆ ಕೊನೆ ಇರುತ್ತೆ, ಸಂಬಳ ಇರುತ್ತೆ ಅನ್ನೋದು ವ್ಯತ್ಯಾಸ. ಹೊರಡುವಾಗ ಟವೆಲ್‌ಗಳನ್ನು ಒಂದು ಕಡೆ ಹಾಕಿ, ಕಸ ಬುಟ್ಟಿಗೆ ಹಾಕಿ, ಭಕ್ಷೀಸನ್ನು ಕೈಯಲ್ಲೇ ಕೊಟ್ಟು ಬರೋದು ದೊಡ್ಡ ಕೆಲಸವಲ್ಲ.

ಬಂದ ಮೇಲೆ

ಹೋಟೆಲಿನಿಂದ ಬಂದವರಿಗೆ ಸಾಮಾನ್ಯವಾಗಿ ಉಳಿಯೋದು ಫೋಟೋ. ನಮ್ಮ ಮನೆಯಲ್ಲಿ ಉಳಿದದ್ದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಒಂದು ಹಾಳೆ. ಆ ಶನಿವಾರ ರಾತ್ರಿ ಮಾವ-ಮಗ ಇಬ್ಬರೂ ಡಬ್ಬಿಗಳನ್ನು ಹುಡುಕುತ್ತಾ ಬರೆದಿಟ್ಟದ್ದು. ಹುಣಸೇಹಣ್ಣು ಮೇಲಿನ ಸಾಲಿನ ಎಡಕ್ಕೆ, ಗ್ಯಾಸ್ಕೆಟ್ ಫ್ರೀಜರಿನಲ್ಲಿ, ನೀರು ಬರೋ ದಿನ ಇಂತಿಂಥದ್ದು, ಮಾತ್ರೆ ತೀರೋ ತಾರೀಕು ಇಷ್ಟು. ನಮ್ಮ ಕೆಲಸದ ಭಾಷೆಯಲ್ಲಿ ಇದಕ್ಕೆ ‘ರನ್‌ಬುಕ್’ ಅಂತೀವಿ. ಒಬ್ಬರ ತಲೆಯಲ್ಲಿರೋದನ್ನು ಹಾಳೆಗೆ ಇಳಿಸಿದರೆ ಮಾತ್ರ ಸರದಿ ಸಾಧ್ಯ.

ಆ ಹಾಳೆಯ ದೆಸೆಯಿಂದ ಈಗ ಭಾನುವಾರ “ತಿಂಡಿಗೆ ಏನು?” ಅನ್ನೋ ಪ್ರಶ್ನೆ ಮಾವನದು. ಬುಧವಾರ ರಾತ್ರಿಯದು ನನ್ನ ಗಂಡನದು, ಶುಕ್ರವಾರದ್ದು ನನ್ನದು. ಒಮ್ಮೊಮ್ಮೆ ಉಪ್ಪಿಟ್ಟು ಗಂಟು ಕಟ್ಟುತ್ತೆ. ಅತ್ತೆ ಅಡುಗೆಮನೆ ಬಾಗಿಲಿನವರೆಗೆ ಬಂದು ನೋಡಿ, ಏನೂ ಹೇಳದೆ ವಾಪಸ್ ಹೋಗೋದನ್ನು ಕಲಿಯುತ್ತಿದ್ದಾರೆ. ಅದು ಅವರಿಗೆ ಸುಲಭವಿಲ್ಲ.

ಇಷ್ಟಕ್ಕೆ ಐಷಾರಾಮಿ ಹೋಟೆಲೇ ಬೇಕಾ? ಬೇಕಿಲ್ಲ. ಸಂಬಂಧಿಕರ ಖಾಲಿ ಫ್ಲ್ಯಾಟ್ ಆದೀತು, ಐದು ಪರ್ಸೆಂಟ್ ಜಿಎಸ್‌ಟಿಯ ಸಾದಾ ಲಾಡ್ಜ್ ಆದೀತು. ಆದರೆ ಮನೆಯಲ್ಲೇ ಕೂರಿಸಿ “ಇವತ್ತು ನೀವು ರೆಸ್ಟ್ ತಗೊಳ್ಳಿ” ಅಂದರೆ ಕೆಲಸ ಆಗಲ್ಲ. ಕುಕ್ಕರ್ ಕೂಗಿದರೆ ಅವರು ಏಳ್ತಾರೆ. ಅದರ ಕೂಗು ಕೇಳಿಸದಷ್ಟು ದೂರ ಬೇಕು. ನಮಗೆ ಹದಿನೆಂಟು ಮಹಡಿ ಬೇಕಾಯ್ತು, ಅಷ್ಟೇ.

ಮುಂದಿನ ಸಲ ರಿಯಾಯಿತಿಯ ಮೆಸೇಜ್ ಬಂದಾಗ ಹೋಟೆಲಿನ ಫೋಟೋ ನೋಡೋ ಮುಂಚೆ ನಿಮ್ಮ ಮನೆಯಲ್ಲಿ ಒಂದು ಪ್ರಶ್ನೆ ಕೇಳಿ ನೋಡಿ: ಕುಕ್ಕರ್ ಗ್ಯಾಸ್ಕೆಟ್ ಎಲ್ಲಿದೆ? ಒಬ್ಬರಿಗೆ ಮಾತ್ರ ಉತ್ತರ ಗೊತ್ತಿದ್ದರೆ ರೂಮ್ ಅವರ ಹೆಸರಿಗೆ ಬುಕ್ ಮಾಡಿ. ನಮ್ಮತ್ತೆ ಈಗಾಗಲೇ ಮುಂದಿನ ವರ್ಷದ್ದನ್ನು ಕೇಳಿದ್ದಾರೆ: “ಅದಕ್ಕಿಂತ ಎತ್ತರದ್ದು ಯಾವ್ದಿದೆ?”